ಹತ್ತೂವರೆಯಿಂದ ಎಂಟೂಮುಕ್ಕಾಲಿಗೆ: ಪುರಸಭೆಯ ನೀರಿನ ಸಾಲ ತಿರುವಿ ಹಾಕಿದ ನನ್ನ ಅನುಭವ

ದಾವಣಗೆರೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಲೆಕ್ಕದ ಮೇಜು ನನ್ನದು. ಊರಿನ ಹೆಸರು ಬೇಡ, ಓದಿದವರಿಗೆ ತಾನೇ ಗೊತ್ತಾಗುತ್ತದೆ. 2025ರಲ್ಲಿ ನಮ್ಮ ಕುಡಿಯುವ ನೀರಿನ ಯೋಜನೆಯ ಸಾಲವನ್ನು ಹಳೆಯ ಸಂಸ್ಥೆಯಿಂದ ಬಿಡಿಸಿ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿದೆವು. "ಪುರಸಭೆ ಸಾಲ ಯಾರಾದ್ರೂ ಟ್ರಾನ್ಸ್‌ಫರ್ ಮಾಡ್ತಾರೇನ್ರೀ, ಅದೇನು ಮನೆ ಸಾಲವೇ?" ಎಂದು ನಕ್ಕವರು ಈಗ ಫೋನ್ ಮಾಡಿ ಕಡತದ ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಸೋತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಡಿಸಿಬಿ ಎಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಎಸ್‌ಎಫ್‌ಸಿ ಎಂದರೆ ರಾಜ್ಯ ಹಣಕಾಸು ಆಯೋಗ, ಅದರ ಲೆಕ್ಕದಲ್ಲಿ ಸರ್ಕಾರ ನಮಗೆ ಅನುದಾನ ಕೊಡುತ್ತದೆ. ಎಸ್ಕ್ರೋ ಎಂದರೆ ಸಾಲದ ಕಂತಿಗೆಂದೇ ಬೇರೆ ಇಟ್ಟ ಬ್ಯಾಂಕ್ ಖಾತೆ. ಇದಕ್ಕಿಂತ ಹೆಚ್ಚು ನಾನು ವಿವರಿಸುವುದಿಲ್ಲ.

ಸಾಲ ತೆಗೆದದ್ದು 2016ರ ಸುಮಾರಿಗೆ. 23 ಕೋಟಿ, 20 ವರ್ಷ, ಬಡ್ಡಿ ಶೇ. 10.5, ಸ್ಥಿರ. ನಾನು ಕಡತ ಕೈಗೆತ್ತಿಕೊಂಡಾಗ 18 ಕೋಟಿಯ ಆಸುಪಾಸು ಬಾಕಿಯಿತ್ತು, 11 ವರ್ಷ ಉಳಿದಿತ್ತು. ತಿಂಗಳ ಕಂತು 23 ಲಕ್ಷ. ಅದರಲ್ಲಿ ಹದಿನೈದೂಮುಕ್ಕಾಲು ಲಕ್ಷ ಬಡ್ಡಿಗೇ ಹೋಗುತ್ತಿತ್ತು. ಈ ಕಂತು ನಮ್ಮ ಕೈಗೆ ಬಂದು ಹೋಗುವುದೂ ಅಲ್ಲ, ಎಸ್‌ಎಫ್‌ಸಿ ಅನುದಾನದಲ್ಲಿ ಮೇಲೆಯೇ ಕಡಿತವಾಗುತ್ತಿತ್ತು. ಹಾಗಾಗಿ ಸದಸ್ಯರಲ್ಲಿ ಅರ್ಧ ಜನಕ್ಕೆ ಇಂಥದ್ದೊಂದು ಸಾಲ ಇದೆ ಎಂಬುದೇ ಮರೆತುಹೋಗಿತ್ತು. ಕಣ್ಣಿಗೆ ಕಾಣದ ದುಡ್ಡಿಗೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ.

2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 6.50ರಿಂದ 6.25ಕ್ಕೆ ಇಳಿಸಿತು. ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ ಒಂದೇ ಏಟಿಗೆ 5.50. ನನ್ನ ಸ್ವಂತ ಮನೆ ಸಾಲವನ್ನು ಏಪ್ರಿಲ್‌ನಲ್ಲೇ ಬದಲಿಸಿಕೊಂಡಿದ್ದೆ, ಒಂದು ಪೈಸೆ ದಂಡವಿಲ್ಲದೆ. ವ್ಯಕ್ತಿಗಳ ಮನೆ ಸಾಲ ತೇಲುವ ಬಡ್ಡಿಯದಾಗಿದ್ದರೆ (ದರ ಏರಿಳಿದಂತೆ ಬದಲಾಗುವ ಬಡ್ಡಿ) ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಮುಂಪಾವತಿ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಈಗ ಸಣ್ಣ ಉದ್ಯಮಗಳಿಗೂ ಆ ರಕ್ಷಣೆ ಸಿಕ್ಕಿದೆ, 2026ರ ಜನವರಿಯಿಂದ ಮಂಜೂರಾಗುವ ಸಾಲಗಳಿಗೆ. ಪುರಸಭೆ ವ್ಯಕ್ತಿಯೂ ಅಲ್ಲ, ಉದ್ಯಮವೂ ಅಲ್ಲ. ನಮಗೆ ಒಪ್ಪಂದದಲ್ಲಿ ಬರೆದದ್ದೇ ಕಾನೂನು. ಅಲ್ಲಿ ಬರೆದಿದ್ದು ಶೇ. 2 ದಂಡ, ಅಂದರೆ 36 ಲಕ್ಷ.

ಮೊದಲು ಹಳೆಯ ಸಂಸ್ಥೆಗೇ ಪತ್ರ ಬರೆದೆ, ಬಡ್ಡಿ ಇಳಿಸಿ ಅಂತ. ಉತ್ತರ ಬರಲಿಲ್ಲ. ನೆನಪೋಲೆಗೆ "ಅಂಥ ಪಾಲಿಸಿ ಇಲ್ಲ" ಎಂಬ ಎರಡು ಸಾಲು ಬಂತು. ಆ ಎರಡು ಸಾಲನ್ನು ಜೋಪಾನವಾಗಿ ಫೈಲ್ ಮಾಡಿದೆ, ಮುಂದೆ ಬಹಳ ಕೆಲಸಕ್ಕೆ ಬಂತು.

ಆಮೇಲೆ ಬ್ಯಾಂಕುಗಳ ಬಾಗಿಲು. ಮೊದಲನೆಯದು ಒಳ್ಳೆಯ ದರ ಬಾಯಲ್ಲಿ ಹೇಳಿ, ಲಿಖಿತದಲ್ಲಿ ಕೇಳಿದ್ದು ಸರ್ಕಾರದ ಖಾತರಿ. ಖಾತರಿ ತಂದರೆ ವರ್ಷ ವರ್ಷ ಅದಕ್ಕೊಂದು ಕಮಿಷನ್, ಇಳಿದ ಬಡ್ಡಿಯಲ್ಲಿ ಅರ್ಧ ಅಲ್ಲೇ ಹೋಯಿತು. ಎರಡನೆಯದು ಮಳಿಗೆಗಳನ್ನು ಅಡಮಾನ ಕೇಳಿತು. ನಮ್ಮ ಮಳಿಗೆಗಳ 12 ವರ್ಷದ ಬಾಡಿಗೆ ಅವಧಿ ಮುಗಿದು, ಹರಾಜಿಗೆ ತಡೆಯಾಜ್ಞೆ ತಂದು ಕುಳಿತವರು ಇನ್ನೂ ಕುಳಿತೇ ಇದ್ದಾರೆ. ಅಂಥ ಆಸ್ತಿಯನ್ನು ಯಾರು ಅಡ ಇಟ್ಟುಕೊಳ್ಳುತ್ತಾರೆ? ಮೂರನೆಯ ಕಡೆ ಮ್ಯಾನೇಜರ್ ಸಾಹೇಬರು ಉತ್ಸಾಹದಲ್ಲಿದ್ದರು. ಅವರ ವರ್ಗಾವಣೆಯಾಯಿತು, ಉತ್ಸಾಹವೂ ಅವರ ಜೊತೆಗೇ ಹೋಯಿತು.

ಕಡೆಗೆ ಕೈಹಿಡಿದದ್ದು ಪಿ.ಬಿ. ರಸ್ತೆಯ ಒಂದು ಶಾಖೆ. ಅಲ್ಲಿಗೆ ಹೋಗುವಾಗ ನಾನು ಬಡ್ಡಿಯ ಮಾತೇ ಎತ್ತಲಿಲ್ಲ. ಬ್ಯಾಂಕಿನವರಿಗೆ ಪುರಸಭೆ ಎಂದರೆ ಹೆದರಿಕೆ ದರದ್ದಲ್ಲ, ವಸೂಲಿಯದ್ದು. ಮೂರು ವರ್ಷದ ಆಡಿಟ್ ಆದ ಲೆಕ್ಕ, ನೀರಿನ ಕರದ ಡಿಸಿಬಿ, ಬೆಸ್ಕಾಂ ಬಿಲ್ ಬಾಕಿಯ ಪಟ್ಟಿ, ಇವಿಷ್ಟನ್ನು ಇಟ್ಟೆ. ಮೇಲೆ ಒಂದೇ ಒಂದು ಹಾಳೆ ಇಟ್ಟಿದ್ದೆ. ಅದರಲ್ಲಿ ಏನಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ, ಇನ್ನೊಂದು ಸಾಲಕ್ಕೆ ಅದೇ ಹಾಳೆ ಬಳಸುವುದಿದೆ. ಇಷ್ಟು ಹೇಳಬಹುದು: ಅರ್ಜಿ ಯಾವ ತಿಂಗಳಲ್ಲಿ ಮೇಜಿಗೆ ಬೀಳುತ್ತದೆ ಎಂಬುದೂ ಮುಖ್ಯ. ತ್ರೈಮಾಸಿಕದ ಕೊನೆಯ ಹೊತ್ತಿಗೆ ಸಾಲ ಕೊಡುವ ಗುರಿ ಮುಟ್ಟದ ಶಾಖೆಯ ಮುಖವೇ ಬೇರೆ.

ಡಿಸಿಬಿ ಚೆನ್ನಾಗಿ ಕಾಣಬೇಕಾದರೆ ಚೆನ್ನಾಗಿ ಇರಬೇಕಲ್ಲ. ನಮ್ಮ ನೀರಿನ ಕರ ವಸೂಲಿ ಶೇ. 45ರ ಹತ್ತಿರ ನಿಂತಿತ್ತು. ಆಟೋಗೆ ಮೈಕು ಕಟ್ಟಿ ಕೂಗಿಸಿದ್ದು ಡೀಸೆಲ್ ದಂಡ. ಸಂಪರ್ಕ ಕಡಿತದ ನೋಟಿಸ್ ಕೊಟ್ಟೆವು, ವಾರ್ಡಿನ ಸದಸ್ಯರು ಅದನ್ನೇ ಹಿಡಿದು ಸಭೆಯಲ್ಲಿ ಗಲಾಟೆ ಎಬ್ಬಿಸಿದರು. ಕಡೆಗೆ ವಾಲ್ವ್‌ಮನ್‌ಗಳನ್ನು ಕೂರಿಸಿಕೊಂಡು ಟೀ ಕುಡಿಸಿ, ಬೀದಿ ಬೀದಿಯಾಗಿ ಬರೆಸಿದೆ. ಯಾವ ಮನೆಯಲ್ಲಿ ಎರಡು ನಲ್ಲಿ, ಯಾವ ಹೋಟೆಲಿಗೆ ಮನೆ ಲೆಕ್ಕದ ಸಂಪರ್ಕ, ಎಲ್ಲ ಅವರ ತಲೆಯಲ್ಲಿತ್ತು, ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಅನಧಿಕೃತ ಸಂಪರ್ಕಗಳನ್ನು ಠೇವಣಿ ಕಟ್ಟಿಸಿ ಸಕ್ರಮ ಮಾಡಿದೆವು. ಮಹಿಳಾ ಸ್ವಸಹಾಯ ಸಂಘದವರ ಕೈಗೆ ಬಿಲ್ ಮೆಷಿನ್ ಕೊಟ್ಟೆವು. ವರ್ಷದೊಳಗೆ ಶೇ. 60 ದಾಟಿತು. ಈ ಕೆಲಸ ಸಾಲಕ್ಕಾಗಿ ಶುರುವಾದದ್ದು, ಆದರೆ ನನ್ನ ಲೆಕ್ಕದಲ್ಲಿ ಸಾಲಕ್ಕಿಂತ ಇದರಲ್ಲೇ ಲಾಭ ಹೆಚ್ಚು.

ದರ ಬಂದದ್ದು ರೆಪೊ ಮೇಲೆ 3.25, ಅಂದರೆ ಆಗ ಶೇ. 8.75, ತೇಲುವ ಬಡ್ಡಿ. ಸಾಮಾನ್ಯ ಸಭೆಗೆ ವಿಷಯ ಇಟ್ಟೆವು. ಮೊದಲ ಸಲ ಕೋರಂ ಇಲ್ಲ. ಮುಂದಿನ ಸಲ ಬೀದಿನಾಯಿ ವಿಷಯಕ್ಕೇ ಸಭೆ ಮುಗಿಯಿತು. ಕಡೆಗೆ ಚರ್ಚೆಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು, "ಬಡ್ಡಿ ಇಳಿಯೋದು ವಾಣಿವಿಲಾಸ ಸಾಗರ ಕೋಡಿ ಬಿದ್ದಂಗೆ, ತೊಂಬತ್ತು ವರ್ಷಕ್ಕೊಮ್ಮೆ. ನಾಳೆ ಏರಿದ್ರೆ ನೀವು ಕಟ್ತೀರಾ?" ಎಂದರು. ಸಭೆ ನಕ್ಕಿತು. ನಾನು, "ಸಾರ್, 1933ರ ಮೇಲೆ 2022ರಲ್ಲಿ ಕೋಡಿ ಬಿತ್ತು, ನಿಜ. 2025ರ ಜನವರಿಯಲ್ಲಿ ಮತ್ತೆ ಬಿತ್ತಲ್ಲ" ಎಂದೆ. ಆಮೇಲೆ ನಕ್ಕಿದ್ದು ಅವರೇ.

ಆದರೆ ಪ್ರಶ್ನೆ ಸರಿಯಾದದ್ದೇ. 2020ರಲ್ಲಿ ರೆಪೊ 4ಕ್ಕೆ ಇಳಿದಾಗ ತೇಲುವ ಬಡ್ಡಿಗೆ ಬಿದ್ದವರು 2023ರ ಫೆಬ್ರವರಿಗೆ 6.50 ನೋಡಿ ತಲೆ ಮೇಲೆ ಕೈ ಹೊತ್ತಿದ್ದರು. ನಮ್ಮದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ: ನಾವು ಹಳೆಯ 10.5ಕ್ಕೆ ವಾಪಸ್ ಮುಟ್ಟಬೇಕಾದರೆ ರೆಪೊ 7.25 ಆಗಬೇಕು. 2015ರ ಜೂನ್‌ನಲ್ಲಿ 7.25ಕ್ಕೆ ಇಳಿದ ಮೇಲೆ ರೆಪೊ ಅದನ್ನು ಮೀರಿದ್ದೇ ಇಲ್ಲ. ಮೀರಿದರೂ ಅಷ್ಟರೊಳಗೆ ಉಳಿದದ್ದು ಉಳಿದಿರುತ್ತದೆ.

ನಿಜವಾದ ಜಗಳ ಅವಧಿಯದ್ದು. ಬ್ಯಾಂಕೇ 15 ವರ್ಷ ಕೊಡುತ್ತೇನೆ ಎಂದಿತು. ಕಂತು 23 ಲಕ್ಷದಿಂದ 18 ಲಕ್ಷಕ್ಕೆ ಇಳಿಯುತ್ತದೆ, ತಿಂಗಳಿಗೆ 5 ಲಕ್ಷ ಕೈಗೆ ಸಿಗುತ್ತದೆ. ಅದರಲ್ಲಿ ಯಾವ ವಾರ್ಡಿಗೆ ಎಷ್ಟು ಚರಂಡಿ ಎಂಬ ಲೆಕ್ಕವೂ ಊಟದ ವಿರಾಮದೊಳಗೆ ತಯಾರಾಗಿತ್ತು. ನಾನು ಒಟ್ಟು ಮೊತ್ತ ಹಾಕಿ ತೋರಿಸಿದೆ. ಹಳೆಯ ಸಾಲ ಹಾಗೇ ಬಿಟ್ಟರೆ ಇನ್ನು ಕಟ್ಟುವುದು 30 ಕೋಟಿ 40 ಲಕ್ಷದಷ್ಟು. ಕಡಿಮೆ ಬಡ್ಡಿಗೆ ಹೋಗಿ 15 ವರ್ಷ ಎಳೆದರೆ 32 ಕೋಟಿ ದಾಟುತ್ತದೆ. ಬಡ್ಡಿ ಇಳಿಸಿ 2 ಕೋಟಿ ಹೆಚ್ಚು ಕಟ್ಟುವ ಜಾಣತನ! ಅದೇ 11 ವರ್ಷ ಇಟ್ಟುಕೊಂಡರೆ ಕಂತು 21 ಲಕ್ಷ ಚಿಲ್ಲರೆ, ಒಟ್ಟು ಉಳಿತಾಯ 2 ಕೋಟಿ 30 ಲಕ್ಷದಷ್ಟು. ಕಂತನ್ನೂ ಮುಟ್ಟದೆ 23 ಲಕ್ಷವನ್ನೇ ಕಟ್ಟುತ್ತ ಹೋದರೆ ಸಾಲ ಒಂದು ವರ್ಷ ನಾಲ್ಕು ತಿಂಗಳು ಮೊದಲೇ ತೀರುತ್ತದೆ, ಉಳಿತಾಯ ಮೂರೂವರೆ ಕೋಟಿಗೂ ಮೇಲೆ. ನನಗೆ ಬೇಕಿದ್ದದ್ದು ಇದು. ಸಭೆ ಒಪ್ಪಿದ್ದು ನಡುವಿನದು. ಇರಲಿ, 15 ವರ್ಷದ್ದು ಬಿದ್ದುಹೋಯಿತಲ್ಲ.

ಯುವ ಸದಸ್ಯರೊಬ್ಬರು ಬ್ಯಾಂಕಿನ ಬದಲು ಹೂಡಿಕೆದಾರರಿಂದಲೇ ಸಾಲ ಎತ್ತುವ ಬಾಂಡ್ ತರೋಣ ಎಂದು ಹಿಡಿದರು. ಬೆಂಗಳೂರು ಪಾಲಿಕೆ 1997ರಲ್ಲೇ 125 ಕೋಟಿ ಎತ್ತಿತ್ತು, ಮಾರನೇ ವರ್ಷ ಅಹಮದಾಬಾದ್ ಸರ್ಕಾರದ ಖಾತರಿಯೇ ಇಲ್ಲದೆ 100 ಕೋಟಿ ಎತ್ತಿತು, ಎಲ್ಲ ನಿಜ. ನಾನೂ ಕುತೂಹಲಕ್ಕೆ ರೇಟಿಂಗ್ ಖರ್ಚು, ಟ್ರಸ್ಟಿ ಖರ್ಚು ವಿಚಾರಿಸಿದೆ. 18 ಕೋಟಿಗೆ ಆ ಮೆರವಣಿಗೆ ತಾಳುವುದಿಲ್ಲ. ಬೆಂಗಳೂರಿನ ಸುತ್ತಲ ಎಂಟು ಊರುಗಳು 2005ರಲ್ಲಿ ನೀರಿನ ಯೋಜನೆಗೆ ಒಟ್ಟಾಗಿ 100 ಕೋಟಿಯ ಬಾಂಡ್ ತಂದಿದ್ದವು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಪುರಸಭೆಗಳು ಒಟ್ಟಾದರೆ ಆಗಬಹುದು, ಆದರೆ ಶಾಂತಿಸಾಗರ ಕೆರೆಯ ನೀರಿನ ವಿಷಯದಲ್ಲೇ ಒಟ್ಟಾಗದವರು ಬಾಂಡಿಗೆ ಒಟ್ಟಾಗುತ್ತಾರೆಯೇ?

ದಂಡದ 36 ಲಕ್ಷ ಹೇಗೆ ಇಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಬಂದ ಕೂಡಲೇ ನಕಲು ಹಳೆಯವರಿಗೆ ಕಳಿಸಿದೆ. ಪಾಲಿಸಿ ಇಲ್ಲ ಎಂದವರು ವಾರದಲ್ಲಿ 9.75 ಕೊಡುತ್ತೇವೆ ಎಂದು ಬಂದರು. ನಾನು ಅವರದೇ ಎರಡು ಸಾಲಿನ ಪತ್ರ ಮುಂದಿಟ್ಟೆ. ನಮ್ಮ ಒಳಚರಂಡಿ ಸಾಲವೂ ಅವರಲ್ಲೇ ಇದೆ ಎಂದು ನೆನಪಿಸಿದೆ. ಶೇ. 2 ಇದ್ದದ್ದು 1 ಆಯಿತು, 18 ಲಕ್ಷ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ನಾಲ್ಕೂವರೆ ಲಕ್ಷ. ವರ್ಷಕ್ಕೆ 21 ಲಕ್ಷ ಉಳಿಯುವಾಗ ಈ ಖರ್ಚು ವರ್ಷದ ಮೇಲೊಂದು ತಿಂಗಳಲ್ಲಿ ವಾಪಸ್. ಈ ಹಣವನ್ನು ಏಪ್ರಿಲ್‌ನ ಶೇ. 5 ರಿಯಾಯಿತಿ ಸಮಯದ ಆಸ್ತಿ ತೆರಿಗೆಯಿಂದ ಮೊದಲೇ ಬೇರೆ ತೆಗೆದಿಟ್ಟಿದ್ದೆ. ಹದಿನೈದನೇ ಹಣಕಾಸು ಆಯೋಗದ ದುಡ್ಡು ಮುಟ್ಟಬಹುದೇ ಎಂದು ಕೇಳಿನೋಡಿದ್ದೆ, ಬೈಸಿಕೊಂಡೆ.

ದಂಡ ಕಟ್ಟಿದರೆ ನಿಷ್ಫಲ ವೆಚ್ಚ ಎಂದು ಆಡಿಟ್ ಪ್ಯಾರಾ (ಲೆಕ್ಕ ತಪಾಸಣೆಯ ಆಕ್ಷೇಪಣೆ) ಬೀಳುತ್ತದೆ ಎಂದು ಹೆದರಿಸಿದವರು ಸಹೋದ್ಯೋಗಿಗಳೇ. ತುಲನಾ ಪಟ್ಟಿಯನ್ನು ಠರಾವಿನ ಭಾಗವಾಗಿಯೇ ನಡವಳಿಯಲ್ಲಿ ಸೇರಿಸಿ, ಪ್ರತಿ ಪುಟಕ್ಕೆ ಮುಖ್ಯಾಧಿಕಾರಿಗಳ ಸಹಿ ಹಾಕಿಸಿದೆ. ಸರ್ಕಾರದ ಅನುಮತಿಗೆ ಹೋದ ಪ್ರಸ್ತಾವನೆಗೂ ಅದೇ ಪಟ್ಟಿ ಅಂಟಿಸಿದ್ದರಿಂದ ಸ್ಪಷ್ಟೀಕರಣ ಕೇಳಿ ವಾಪಸ್ ಬಂದದ್ದು ಕಡಿಮೆ. ಈವರೆಗೆ ಪ್ಯಾರಾ ಬಿದ್ದಿಲ್ಲ.

ನಿಜಕ್ಕೂ ನಿದ್ದೆಗೆಡಿಸಿದ್ದು ಕಡಿತ. ಸೆಪ್ಟೆಂಬರ್ ಕೊನೆಗೆ ಹಳೆಯ ಸಾಲ ಮುಚ್ಚಿತು, ಋಣಮುಕ್ತ ಪತ್ರವೂ ಬಂತು. ಆದರೆ ಎಸ್‌ಎಫ್‌ಸಿಯಲ್ಲಿ ಕಡಿತ ಮಾಡುವ ಆದೇಶ ಹಿಂಪಡೆಯುವ ಪತ್ರ ಯಾವುದೋ ಮೇಜಿನಲ್ಲಿ ಮಲಗಿತ್ತು. ಮುಂದಿನ ಕಂತಿನಲ್ಲಿ ತೀರಿದ ಸಾಲಕ್ಕೆ 23 ಲಕ್ಷ ಕಡಿತ, ಇತ್ತ ಹೊಸ ಬ್ಯಾಂಕ್ ಎಸ್ಕ್ರೋದಿಂದ 21 ಲಕ್ಷ ತೆಗೆದುಕೊಂಡಿತು. ಹೊರಗುತ್ತಿಗೆಯವರ ವೇತನ ತಡವಾಯಿತು, ಅವರು ಕಚೇರಿ ಮುಂದೆ ಕೂತರು. ಹಣ ವಾಪಸ್ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ನೀವು ಮಾಡುವುದಾದರೆ ಕಡಿತ ನಿಲ್ಲಿಸಿದ ಆದೇಶದ ಪ್ರತಿ ಕೈಗೆ ಬಂದ ಮೇಲೆಯೇ ಹಳೆಯ ಸಾಲ ಮುಚ್ಚುವ ದಿನಾಂಕ ಗೊತ್ತುಮಾಡಿ. ಒಂದು ತಿಂಗಳ ವೇತನದಷ್ಟು ಪಕ್ಕಕ್ಕಿಡಿ.

ಡಿಸೆಂಬರ್‌ನಲ್ಲಿ ರೆಪೊ 5.25 ಆಯಿತು. ಮೂರು ತಿಂಗಳಿಗೊಮ್ಮೆ ಮರುನಿಗದಿ ಎಂಬ ಷರತ್ತು ನಾನೇ ಹಾಕಿಸಿದ್ದರಿಂದ ನಮ್ಮದು 8.50ಕ್ಕೆ ಇಳಿಯಿತು. ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಬ್ಯಾಂಕಿಗೆ ಬರೆದಿದ್ದೇನೆ, ಈ ಸಲ ಸಭೆಗೆ ತರದೆ ಮುಖ್ಯಾಧಿಕಾರಿಗಳ ಟಿಪ್ಪಣಿಯ ಮೇಲೆಯೇ. ಒಳಚರಂಡಿ ಸಾಲದ ಕಡತ ಧೂಳು ಒರೆಸಿ ತೆಗೆದಿಟ್ಟಿದ್ದೇನೆ. ಅದರಲ್ಲಿ ಇನ್ನು ಉಳಿದಿರುವುದು ಐದೇ ವರ್ಷ, ಬಡ್ಡಿಯ ದೊಡ್ಡ ಪಾಲು ಆಗಲೇ ಕಟ್ಟಿಯಾಗಿದೆ. ದಂಡ ಅರ್ಧ ಪರ್ಸೆಂಟಿಗೆ ಇಳಿಯದಿದ್ದರೆ ಅದನ್ನು ಮುಟ್ಟುವುದಿಲ್ಲ.