ಬಿಸ್ಕೆಟ್ ತಳ ಸೀದು ಒಳಗೆ ಹಸಿ ಉಳಿದರೆ

ರೆಸಿಪಿಯಲ್ಲಿ 180 ಡಿಗ್ರಿ, 12 ನಿಮಿಷ ಅಂತ ಇದ್ದರೆ ಅದು ಬರೆದವರ ಮನೆಯ ಓವನ್ನಿನ ಲೆಕ್ಕ. ನಿಮ್ಮ ಓಟಿಜಿಯ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಪುಟ್ಟ ಕರೆಂಟ್ ಓವನ್) ಗುಂಡಿಯನ್ನು 180ಕ್ಕೆ ತಿರುಗಿಸಿದರೂ ಒಳಗಿನ ಶಾಖ 160 ಇರಬಹುದು, 200 ದಾಟಿರಲೂಬಹುದು. ಓವನ್ ಒಳಗೇ ಇಡುವಂಥ ಪುಟ್ಟ ಥರ್ಮಾಮೀಟರ್ ಸಿಗುತ್ತದೆ, ಮೊದಲು ಅದೊಂದು ತಂದಿಟ್ಟುಕೊಳ್ಳಿ. ಫ್ಯಾನ್ ತಿರುಗುವ ಕನ್ವೆಕ್ಷನ್ ಆದರೆ ರೆಸಿಪಿಗಿಂತ 15ರಿಂದ 20 ಡಿಗ್ರಿ ಕಮ್ಮಿ ಇಡಿ. ಹೊರದೇಶದ ರೆಸಿಪಿಯ 350 ಅಂದರೆ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 175.

ಟ್ರೇ ಇಡುವ ಮೊದಲು 15 ನಿಮಿಷ ಖಾಲಿ ಓವನ್ ಕಾಯಲಿ. ಒಳಗೋಡೆಯೂ ಕಾದಿದ್ದರೆ ಮಾತ್ರ ಬಾಗಿಲು ತೆರೆದಾಗ ಹೋದ ಕಾವು ಬೇಗ ಮರಳುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಊರಿನವರು ಇದನ್ನು ಇನ್ನೂ ಗಮನಿಸಬೇಕು: 230 ವೋಲ್ಟ್ ಬರಬೇಕಾದಲ್ಲಿ 200 ಬಂದರೆ ಕಾಯಿಲ್ ಕೊಡುವ ಶಾಖ ಹತ್ತಿರ ಹತ್ತಿರ ಕಾಲು ಭಾಗ ತಗ್ಗುತ್ತದೆ. ಬೆಳಗ್ಗೆ ಸರಿಯಾಗಿ ಬೆಂದ ಅದೇ ಹಿಟ್ಟು ಸಂಜೆ ಬೇಯದಿದ್ದರೆ ಹಿಟ್ಟನ್ನು ದೂರಬೇಡಿ, 20 – 25 ನಿಮಿಷ ಕಾಯಿಸಿ.

ತಳ ಬೇಗ ಸೀಯುತ್ತಿದೆಯೇ? ಟ್ರೇ ಬಣ್ಣ ನೋಡಿ. ಓಟಿಜಿ ಜೊತೆ ಬರುವ ಕಪ್ಪು ಟ್ರೇ ಶಾಖವನ್ನು ಜಾಸ್ತಿ ಹೀರುತ್ತದೆ. ಅದನ್ನು ನಡುವಿನ ಹಂತಕ್ಕೆ ಏರಿಸಿ, 10 ಡಿಗ್ರಿ ಇಳಿಸಿ. ಆಗಲೂ ಸೀದರೆ ಒಂದರ ಕೆಳಗೆ ಇನ್ನೊಂದು ಟ್ರೇ ಜೋಡಿಸಿ ಇಡಿ. ಎರಡನೇ ಸರದಿಗೆ ಬಿಸಿ ಟ್ರೇ ಮೇಲೇ ಉಂಡೆ ಇಟ್ಟರೆ ಬೇಯುವ ಮೊದಲೇ ಬೆಣ್ಣೆ ಕರಗಿ ಬಿಸ್ಕೆಟ್ ಹರಡುತ್ತದೆ, ಅಂಚು ಸೀಯುತ್ತದೆ. ಟ್ರೇ ಪೂರ್ತಿ ತಣಿಯಲಿ.

ಒಳಗೆ ಹಸಿ ಉಳಿಯುವುದು ಹೆಚ್ಚಾಗಿ ಖಾರ ಬಿಸ್ಕೆಟ್‌ನಲ್ಲಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ತೊಳೆದು ಬಟ್ಟೆಯಲ್ಲಿ ಒರೆಸಿ, ನೀರಿನಂಶ ಪೂರಾ ಹೋದ ಮೇಲೆ ಹೆಚ್ಚಿ. ಮೊಸರು ಹಿಟ್ಟು ಕೂಡಿಕೊಳ್ಳುವಷ್ಟೇ ಸಾಕು. ಲಟ್ಟಿಸುವುದರಲ್ಲಂತೂ ಅವಸರ ಬೇಡವೇ ಬೇಡ. ಒಂದು ಕಡೆ 4 ಮಿಲಿಮೀಟರ್, ಇನ್ನೊಂದು ಕಡೆ 8 ಇದ್ದರೆ ಯಾವ ಸಮಯವೂ ಎರಡಕ್ಕೂ ಹೊಂದುವುದಿಲ್ಲ. ಹಿಟ್ಟಿನ ಎರಡೂ ಪಕ್ಕ 6 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು, ಲಟ್ಟಣಿಗೆಯನ್ನು ಅವುಗಳ ಮೇಲೇ ಉರುಳಿಸಿ, ಒಂದೇ ಸಮ ಬರುತ್ತದೆ. ಹಬೆ ಹೊರಹೋಗಲು ಫೋರ್ಕಿನಿಂದ ಚುಚ್ಚಿ. ಈ ದಪ್ಪಕ್ಕೆ 170 ಡಿಗ್ರಿಯಲ್ಲಿ 18ರಿಂದ 22 ನಿಮಿಷ ಹಿಡಿಯುತ್ತದೆ. ಆಮೇಲೆ ಓವನ್ ಆರಿಸಿ, ಬಾಗಿಲು ಒಂದಿಷ್ಟು ಓರೆ ಮಾಡಿ, 10 ನಿಮಿಷ ಒಳಗೇ ಬಿಟ್ಟರೆ ಉಳಿದ ತೇವವೂ ಆರಿ ಗರಿಗರಿಯಾಗುತ್ತದೆ.

ನಾನ್‌ಖಟಾಯಿ ಹದ ಬೇರೆ. ಅದರ ಮೇಲ್ಭಾಗ ಕೆಂಪಾಗಲಿ ಅಂತ ಕಾದರೆ ಕೆಟ್ಟಿತು ಅಂತಲೇ ಲೆಕ್ಕ. 160 ಡಿಗ್ರಿಯಲ್ಲಿ 15 ನಿಮಿಷ ಆದ ಮೇಲೆ ದೋಸೆ ಮಗುಚುವ ಸಟ್ಟುಗದಿಂದ ಒಂದನ್ನು ನಾಜೂಕಾಗಿ ಎತ್ತಿ ತಳ ನೋಡಿ. ಮೇಲೆ ಬೆಳ್ಳಗೆ, ಸಣ್ಣ ಬಿರುಕು, ತಳ ಹೊಂಬಣ್ಣ ಇದ್ದರೆ ಆಯಿತು. ಮುಟ್ಟಿದರೆ ಮೆತ್ತಗಿದೆಯಲ್ಲ ಅಂತ ಮತ್ತೆ ಒಳಗೆ ತಳ್ಳಬೇಡಿ. ಬಿಸಿಯಲ್ಲಿ ತುಪ್ಪ ಕರಗಿರುತ್ತದೆ, ತಣಿದ ಮೇಲೆ ಗಟ್ಟಿಯಾಗುತ್ತದೆ. 5 ನಿಮಿಷ ಟ್ರೇ ಮೇಲೇ ಇರಲಿ, ಆಮೇಲೆ ಜಾಲರಿಗೆ ತೆಗೆಯಿರಿ.

ರಾಗಿ ಬಿಸ್ಕೆಟ್‌ಗೆ ಬಣ್ಣ ನೋಡಿ ಉಪಯೋಗವಿಲ್ಲ, ಹಸಿಯಾಗಿರುವಾಗಲೇ ಅದು ಕಂದು. ಅಂಚನ್ನು ಬೆರಳಿನಿಂದ ಒತ್ತಿ, ತಗ್ಗು ಬೀಳದಿದ್ದರೆ ತೆಗೆಯಿರಿ. ಬೆಲ್ಲ ಹಾಕಿದ್ದರೆ 150 – 160 ಸಾಕು, ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ. ಸೋಡಾ ಜಾಸ್ತಿಯಾದರೂ ಬಣ್ಣ ಬೇಗ ಏರುತ್ತದೆ, ಒಳಗೆ ಮಾತ್ರ ಬೆಂದಿರುವುದಿಲ್ಲ.

ಹೊಸ ರೆಸಿಪಿ ಹಿಡಿದಾಗ ಅಷ್ಟೂ ಹಿಟ್ಟನ್ನು ಒಂದೇ ಸಲ ಬೇಯಿಸಬೇಡಿ. ಒಂದೇ ತೂಕದ, ತಲಾ 20 ಗ್ರಾಮಿನ ಆರು ಉಂಡೆ ಇಡಿ. ಹೇಳಿದ ಸಮಯಕ್ಕೆ ಮೂರು ನಿಮಿಷ ಮೊದಲು ಎರಡು, ಸಮಯಕ್ಕೆ ಸರಿಯಾಗಿ ಎರಡು, ಮೂರು ನಿಮಿಷ ತಡವಾಗಿ ಎರಡು ತೆಗೆಯಿರಿ. ತಣಿದ ಮೇಲೆ ಮುರಿದು ನೋಡಿ, ಚೆನ್ನಾಗಿರುವುದರ ನಿಮಿಷವನ್ನು ರೆಸಿಪಿ ಪಕ್ಕದಲ್ಲೇ ಬರೆದುಕೊಳ್ಳಿ. ಹಿಟ್ಟು ಫ್ರಿಜ್ಜಿನಿಂದ ನೇರವಾಗಿ ಬಂದಿದ್ದರೆ ಅದಕ್ಕೆ ಎರಡು ನಿಮಿಷ ಸೇರಿಸಿ.

ಪೂರ್ತಿ ತಣಿಯದೆ ಡಬ್ಬಿಗೆ ಹಾಕಬೇಡಿ, ಹಬೆಗೆ ಎಲ್ಲವೂ ಮೆತ್ತಗಾಗುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಎಷ್ಟು ಚೆನ್ನಾಗಿ ಬೇಯಿಸಿದ್ದೂ ತೇವ ಎಳೆದುಕೊಳ್ಳುತ್ತದೆ. ಅಂಥದ್ದನ್ನು 130 ಡಿಗ್ರಿಯಲ್ಲಿ 8 ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಗರಿಗರಿ.