ಒಳ್ಳೆಯ ಸಿಗಾರ್ ಗುರುತಿಸುವುದು, ಕಾಪಾಡುವುದು, ಸೇದುವುದು

ಬ್ಯಾಂಡ್ (ಸಿಗಾರ್ ಸುತ್ತ ಅಂಟಿಸಿದ ಕಾಗದದ ಪಟ್ಟಿ), ಬೆಲೆ, ಹೆಸರು ಎಲ್ಲ ಆಮೇಲೆ. ಸಿಗಾರ್‌ನಲ್ಲಿ ಮೊದಲು ನೋಡಬೇಕಾದ್ದು ಎರಡೇ: ಸುತ್ತಿರುವ ರೀತಿ ಮತ್ತು ಎಲೆಯಲ್ಲಿರುವ ತೇವ. ಎಷ್ಟೇ ಶ್ರೇಷ್ಠ ಹೊಗೆಸೊಪ್ಪಾದರೂ ಇವೆರಡು ಕೆಟ್ಟಿದ್ದರೆ ರುಚಿ ಹೊರಗೆ ಬರುವುದೇ ಇಲ್ಲ.

ಸಿಗಾರ್‌ಗೆ ಮೂರು ಪದರ. ಒಳಗೆ ಫಿಲ್ಲರ್, ಅದನ್ನು ಹಿಡಿದಿಡುವ ಬೈಂಡರ್, ಮೇಲೆ ರ್‍ಯಾಪರ್. ಫಿಲ್ಲರ್ ಎಲೆಗಳು ಹಚ್ಚುವ ಬುಡದಿಂದ ಬಾಯಿಗಿಡುವ ತಲೆಯವರೆಗೂ ಉದ್ದಕ್ಕಿದ್ದರೆ ಅದು ಲಾಂಗ್ ಫಿಲ್ಲರ್. ಚೂರು ತುಂಬಿದ್ದರೆ ಶಾರ್ಟ್ ಫಿಲ್ಲರ್; ಇದು ಬೇಗ ಉರಿಯುತ್ತದೆ, ಬಿಸಿಯಾಗುತ್ತದೆ, ಬಾಯಿಗೆ ಚೂರು ಬರುತ್ತದೆ. ಆಸಕ್ತಿಯಿಂದ ಸೇದುವವರು ಲಾಂಗ್ ಫಿಲ್ಲರ್ ಬಿಟ್ಟು ಬೇರೆಯದಕ್ಕೆ ಹೋಗಬೇಕಿಲ್ಲ.

ಸುತ್ತುವವರ ಕೈಚಳಕ ಕಾಣುವುದು ಲಿಗೆರೊ ಎಲೆಯಲ್ಲಿ. ಗಿಡದ ಕೆಳಗಿನ ಎಲೆ ವೊಲಾಡೊ ಚೆನ್ನಾಗಿ ಉರಿಯುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ. ಬಿಸಿಲು ಹೆಚ್ಚು ಕುಡಿದ ಮೇಲಿನ ಎಲೆ ಲಿಗೆರೊ; ದಪ್ಪ, ಎಣ್ಣೆ ಜಾಸ್ತಿ, ಖಾರ ಜಾಸ್ತಿ, ಉರಿಯುವುದು ನಿಧಾನ. ಅದಕ್ಕೇ ಅದನ್ನು ಸರಿಯಾಗಿ ನಡುವೆ ಇಡುತ್ತಾರೆ. ಸ್ವಲ್ಪ ಪಕ್ಕಕ್ಕೆ ಸರಿದರೂ ಆ ಬದಿ ಹಿಂದೆ ಬಿದ್ದು ಉರಿ ಓರೆಯಾಗುತ್ತದೆ.

ಕೊಳ್ಳುವಾಗ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಬುಡದಿಂದ ತಲೆಯವರೆಗೆ ಹಗುರವಾಗಿ ಒತ್ತಿ ನೋಡಿ. ಒತ್ತಿದರೆ ತುಸು ತಗ್ಗಿ ಮತ್ತೆ ಮೇಲೇಳಬೇಕು. ಎಲ್ಲಾದರೂ ಗಂಟಿನಂತೆ ಗಟ್ಟಿ ಸಿಕ್ಕರೆ ಅಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಮೆತ್ತಗಿನ ಜಾಗವಿದ್ದರೆ ಅಲ್ಲಿ ಎಲೆ ಕಡಿಮೆ. ಉರಿ ಅಲ್ಲಿಗೆ ಬಂದಾಗ ಹೊಗೆ ಬಿಸಿಯಾಗಿ ಕಹಿಯಾಗುತ್ತದೆ. ಒತ್ತಿದಾಗ ಚರಚರ ಸದ್ದು ಬಂದರೆ ಒಣಗಿದೆ ಎಂದೇ ಅರ್ಥ. ರ್‍ಯಾಪರ್ ಮೇಲೆ ದಪ್ಪ ನರ, ಬಿರುಕು, ಸೂಜಿ ಚುಚ್ಚಿದಂಥ ತೂತು ಇರಬಾರದು. ಆ ತೂತು ಹೊಗೆಸೊಪ್ಪಿನ ದುಂಬಿಯ ಕೆಲಸ. ಬಣ್ಣ ನೋಡಿ ಖಾರ ಅಳೆಯುವುದು ತಪ್ಪು: ಕಪ್ಪಗಿನ ಮಡೂರೊ ರ್‍ಯಾಪರ್ ಆ ಬಣ್ಣ ಪಡೆಯುವುದು ದೀರ್ಘ ಹುದುಗುವಿಕೆಯಿಂದ, ಅದರ ರುಚಿ ಹಲವು ಸಲ ಸಿಹಿಯ ಕಡೆಗೇ ವಾಲುತ್ತದೆ.

ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ರಿಂಗ್ ಎಂದರೆ ಇಂಚಿನ 64ರಲ್ಲಿ ಒಂದು ಭಾಗ. 5 ಇಂಚು ಉದ್ದ, 50 ರಿಂಗ್‌ನ ರೊಬಸ್ಟೊ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಉರಿಯುತ್ತದೆ, ಕಲಿಯುವವರಿಗೆ ಇದೇ ಸೂಕ್ತ. ತೆಳ್ಳಗಿನದರಲ್ಲಿ ರ್‍ಯಾಪರ್‌ನ ರುಚಿ ಮುಂದೆ ಬರುತ್ತದೆ, ಆದರೆ ಅವಸರ ಮಾಡಿದರೆ ಬೇಗ ಕಾಯುತ್ತದೆ.

ತಂದ ಸಿಗಾರ್ ತೇವ ಕಾಪಾಡುವ ಪೆಟ್ಟಿಗೆಯಾದ ಹ್ಯೂಮಿಡರ್‌ನಲ್ಲಿ 65ರಿಂದ 69 ಶೇಕಡಾ ತೇವ, 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ತೇವ ಅಳೆಯುವ ಹೈಗ್ರೋಮೀಟರ್ ನಂಬುವ ಮೊದಲು ಪರೀಕ್ಷಿಸಿ: ಬಾಟಲಿ ಮುಚ್ಚಳದಷ್ಟು ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ, ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ 24 ಗಂಟೆ ಬಿಡಿ. 75 ತೋರಿಸಬೇಕು. 71 ತೋರಿಸಿದರೆ ಮುಂದೆ ಯಾವಾಗಲೂ 4 ಸೇರಿಸಿ ಓದಿ. ಹೊಸ ಸೀಡರ್ ಪೆಟ್ಟಿಗೆಯ ಮರ ತಾನೇ ತೇವ ಹೀರುತ್ತದೆ. 84 ಶೇಕಡಾದ ತೇವದ ಪೊಟ್ಟಣ ಇಟ್ಟು ಎರಡು ವಾರ ಖಾಲಿ ಮುಚ್ಚಿಟ್ಟು ಆಮೇಲೆ ಸಿಗಾರ್ ಇಡಿ. ತೇವ 72 ದಾಟಿದರೆ ಎಲೆ ಉಬ್ಬಿ ದಮ್ ಎಳೆಯಲಾಗದು, ಬೂಷ್ಟಿನ ಭಯವೂ ಉಂಟು. ಉಷ್ಣತೆ 25ರ ಆಚೆ ಹೋದರೆ ಎಲೆಯೊಳಗಿನ ದುಂಬಿಯ ಮೊಟ್ಟೆ ಒಡೆಯಬಹುದು. ಹಾಗಾದರೆ ಗಾಳಿಯಾಡದ ಚೀಲದಲ್ಲಿ ಫ್ರಿಜ್‌ನಲ್ಲಿ ಒಂದು ದಿನ, ಫ್ರೀಜರ್‌ನಲ್ಲಿ ಮೂರು ದಿನ, ಮತ್ತೆ ಫ್ರಿಜ್‌ನಲ್ಲಿ ಒಂದು ದಿನ ಇಡಿ; ನೇರವಾಗಿ ಹೊರತೆಗೆದರೆ ರ್‍ಯಾಪರ್ ಬಿರಿಯುತ್ತದೆ. ಒಣಗಿದ್ದಕ್ಕೆ ಒಮ್ಮೆಲೇ ತೇವ ಕೊಟ್ಟರೂ ಬಿರಿಯುತ್ತದೆ, ವಾರಗಟ್ಟಲೆ ನಿಧಾನವಾಗಿ ಏರಿಸಬೇಕು.

ಸಿಗಾರ್ ತಲೆಯನ್ನು ಮುಚ್ಚಿರುವ ಎಲೆಯ ತುಣುಕನ್ನು, ಅಂದರೆ ಟೋಪಿಯನ್ನು, ಚೂಪಾದ ಕಟರ್‌ನಿಂದ ಒಂದೇ ಏಟಿಗೆ, ಸುಮಾರು 2 ಮಿ.ಮೀ. ಮಾತ್ರ ಕತ್ತರಿಸಿ. ಟೋಪಿಯ ಅಂಚಿನ ಗೆರೆ ದಾಟಿದರೆ ರ್‍ಯಾಪರ್ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಹಾಗೇ ಒಂದು ದಮ್ ಎಳೆಯಿರಿ. ಗಾಳಿ ತುಸು ತಡೆದು ಬರಬೇಕು. ಕೆನ್ನೆ ಒಳಗೆ ಹೋಗುವಷ್ಟು ಬಿಗಿಯಿದ್ದರೆ ಎತ್ತಿಟ್ಟು ಎರಡು ವಾರ 62 ಶೇಕಡಾ ತೇವದಲ್ಲಿ ಇಡಿ, ಅನೇಕ ಸಲ ಸಡಿಲವಾಗುತ್ತದೆ.

ಬ್ಯೂಟೇನ್ ಲೈಟರ್ ಅಥವಾ ಮರದ ಕಡ್ಡಿ ಬಳಸಿ. ಪೆಟ್ರೋಲ್ ಲೈಟರ್, ಮೇಣದಬತ್ತಿ ಬೇಡ, ಅವುಗಳ ವಾಸನೆ ಎಲೆಗೆ ಹತ್ತುತ್ತದೆ. ಜ್ವಾಲೆ ತಾಗಿಸದೆ ಬುಡವನ್ನು ಅದರ ಮೇಲೆ ತಿರುಗಿಸುತ್ತಾ ಅಂಚೆಲ್ಲ ಕಪ್ಪಾಗುವವರೆಗೆ ಬಿಸಿ ಮಾಡಿ, ಆಮೇಲೆ ದಮ್ ಎಳೆಯುತ್ತಾ ಹಚ್ಚಿ. ನಿಮಿಷಕ್ಕೊಂದು ದಮ್ ಸಾಕು. ಬೇಗ ಎಳೆದರೆ ಕಹಿ, ತುಂಬ ತಡ ಮಾಡಿದರೆ ನಡುಭಾಗ ಮುಂದೆ ಉರಿದು ಸುರಂಗವಾಗುತ್ತದೆ. ಒಂದು ಬದಿ ಹಿಂದೆ ಬಿದ್ದರೆ ಸ್ವಲ್ಪ ಕಾದು ನೋಡಿ, ಸರಿಹೋಗದಿದ್ದರೆ ಆ ಬದಿಗಷ್ಟೇ ಜ್ವಾಲೆ ತೋರಿಸಿ. ಬೂದಿಯನ್ನು ಪದೇ ಪದೇ ಕೊಡವಬೇಡಿ. ಒಳ್ಳೆಯ ಲಾಂಗ್ ಫಿಲ್ಲರ್‌ನ ಬೂದಿ 2 ಸೆಂ.ಮೀ. ತನಕ ನಿಲ್ಲುತ್ತದೆ.

ಹೊಗೆಯನ್ನು ಎದೆಗೆ ಎಳೆಯುವುದಲ್ಲ, ಬಾಯಲ್ಲಿ ಆಡಿಸಿ ಬಿಡುವುದು. ಹಾಗಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ತಪ್ಪುವುದಿಲ್ಲ. ನಿಕೋಟಿನ್ ಬಾಯಿಯ ಮೂಲಕವೂ ರಕ್ತ ಸೇರುತ್ತದೆ, ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಖಾರದ ಸಿಗಾರ್ ಹಚ್ಚಿದರೆ ತಲೆ ಸುತ್ತಿ ಬೆವರು ಬರುತ್ತದೆ.

ಹೊಗೆಯಲ್ಲಿ ಅಮೋನಿಯಾದ ಘಾಟು ಹೊಡೆದರೆ ಎಲೆ ಇನ್ನೂ ಪಕ್ವವಾಗಿಲ್ಲ. ಅದೇ ಡಬ್ಬದ ಉಳಿದವನ್ನು ಎರಡು ಮೂರು ತಿಂಗಳು ಹ್ಯೂಮಿಡರ್‌ನಲ್ಲೇ ಇಟ್ಟು, ಆಮೇಲೆ ಒಂದನ್ನು ಹಚ್ಚಿ ನೋಡಿ.