ಡೊಮೇನ್ ಯಾರದು? ಒಂದು ಡಾಟ್ ಇನ್ ಹೆಸರನ್ನು ಬಿಡಿಸಿಕೊಂಡ ನನ್ನ ಅನುಭವ

ಸಣ್ಣ ವ್ಯಾಪಾರಿಗಳ ವಕೀಲೆಯಾಗಿ ನಾನು ಜಾಸ್ತಿ ನೋಡುವ ಜಗಳ ಇದು. ವೆಬ್‌ಸೈಟ್ ಮಾಡಿಕೊಡುವವರು ಡೊಮೇನನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ತಮ್ಮದೇ ಅಕೌಂಟಿನಲ್ಲಿ ಕೊಂಡಿರುತ್ತಾರೆ. ಸಂಬಂಧ ಕೆಟ್ಟ ಮೇಲೆ ‘ನನ್ನ ಹೆಸರಲ್ಲಿದೆ, ನನ್ನದು’ ಅನ್ನುತ್ತಾರೆ. ಮಸಾಲೆ ಪುಡಿ ಮಾರುವ ಒಬ್ಬ ಮಹಿಳೆಗೆ ಆದದ್ದೂ ಇದೇ. ಆರ್ಡರ್, ಮೇಲ್ ಎಲ್ಲ ಆ ಡಾಟ್ ಇನ್ ವಿಳಾಸಕ್ಕೇ ಬರುತ್ತಿದ್ದವು. ಬಿಟ್ಟುಕೊಡಲು ಸೈಟ್ ಮಾಡಿಕೊಟ್ಟಾತ ದೊಡ್ಡ ಮೊತ್ತ ಕೇಳಿದ್ದ.

‘ಮೇಡಂ, ಅದು ನನ್ನ ಆಸ್ತಿ ಅಲ್ವಾ?’ ಎಂದು ಆಕೆ ಕೇಳಿದರು.

ಈ ವಿಷಯದಲ್ಲಿ ಕೋರ್ಟುಗಳೇ ಒಂದು ಮಾತು ಹೇಳಿಲ್ಲ. ಅಮೆರಿಕದ ವರ್ಜೀನಿಯಾ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ, ಡೊಮೇನ್ ಬರೀ ಸೇವಾ ಒಪ್ಪಂದದಿಂದ ಬಂದ ಹಕ್ಕು, ಸಾಲಕ್ಕೆ ಅದನ್ನು ಜಪ್ತಿ ಮಾಡುವಂತಿಲ್ಲ ಎಂದಿತು. ಕ್ಯಾಲಿಫೋರ್ನಿಯಾದಿಂದ ಹೋದ ಕ್ರೆಮೆನ್ ಕೇಸಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ 2003ರಲ್ಲಿ, ಅದು ಆಸ್ತಿಯೇ ಎಂದಿತು. ಅಲ್ಲಿ ಖೋಟಾ ಪತ್ರ ನಂಬಿ ಡೊಮೇನನ್ನು ಬೇರೆಯವರಿಗೆ ವರ್ಗಾಯಿಸಲಾಗಿತ್ತು.

ನಮ್ಮಲ್ಲಿ ದಾರಿಯೇ ಬೇರೆ. ಒಂದೇ ಥರ ಕೇಳಿಸುವ ಡೊಮೇನ್ ಹೆಸರುಗಳ ಬಗ್ಗೆ ನಡೆದ ಸತ್ಯಂ ಇನ್ಫೋವೇ ಕೇಸ್ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾಯಿತು. ಅಲ್ಲಿ ಸಿಕ್ಕ ತಡೆಯಾಜ್ಞೆಯನ್ನು ಹೈಕೋರ್ಟ್ ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಡೊಮೇನಿಗೂ ಟ್ರೇಡ್‌ಮಾರ್ಕಿನ ಗುಣಗಳಿವೆ, ಇನ್ನೊಬ್ಬರ ಹೆಸರಿನ ಖ್ಯಾತಿಯನ್ನು ತನ್ನದೆಂಬಂತೆ ಬಳಸಬಾರದು ಎನ್ನುವ ಪಾಸಿಂಗ್ ಆಫ್ ನಿಯಮ ಅದಕ್ಕೂ ಅನ್ವಯಿಸುತ್ತದೆ ಎಂಬುದು ಆ ತೀರ್ಪು. ರಿಜಿಸ್ಟರ್ ಯಾರ ಹೆಸರಲ್ಲಿದೆ ಎನ್ನುವುದಷ್ಟೇ ಸಾಲದು. ಆ ಹೆಸರು ಕೇಳಿದರೆ ಗಿರಾಕಿಗೆ ಯಾರ ನೆನಪಾಗುತ್ತದೆ ಅನ್ನುವುದೇ ನಮ್ಮ ಬಲ.

ಹಾಗಾಗಿ ನೋಟಿಸಿಗೆ ಮೊದಲು ದಾಖಲೆ ಕೂಡಿಸಿದೆ. ‘ಇದೇ ಹೆಸರು ತಗೊಳ್ಳಿ’ ಎಂದು ಆಕೆ ಕಳಿಸಿದ್ದ ವಾಟ್ಸಾಪ್ ಮೆಸೇಜ್, ‘ಡೊಮೇನ್, ಹೋಸ್ಟಿಂಗ್’ ಎಂದೇ ಬರೆದಿದ್ದ ಆತನ ಬಿಲ್, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್. ವಿಳಾಸ ಅಚ್ಚಾದ ಹಳೆಯ ಪ್ಯಾಕೆಟ್‌ಗಳು, ಜಿಎಸ್‌ಟಿ ಇನ್ವಾಯ್ಸ್‌ಗಳು, ವೇಬ್ಯಾಕ್ ಮಷೀನ್ ಎಂಬ ಆರ್ಕೈವ್ ಸೈಟಿನಲ್ಲಿ ಉಳಿದಿದ್ದ ಸೈಟಿನ ಹಳೆಯ ಪುಟಗಳು. ಜೊತೆಗೇ 30ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಸಿದೆ. ಮಸಾಲೆ ಪದಾರ್ಥ ಬರುವುದು ಆ ವರ್ಗದಲ್ಲಿ. ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಆ ಬಿಲ್. ತಾನು ಬೇರೆಯವರಿಗಾಗಿ ಕೊಂಡೆ ಎಂದು ಆತನೇ ಬರೆದುಕೊಟ್ಟ ಹಾಗಿತ್ತು.

ಡಾಟ್ ಇನ್ ಆಗಿದ್ದದ್ದೂ ಅನುಕೂಲವಾಯಿತು. ಡಾಟ್ ಕಾಮ್‌ಗೆ ಅನ್ವಯಿಸುವ ಯುಡಿಆರ್‌ಪಿ ಎಂಬ ಅಂತರರಾಷ್ಟ್ರೀಯ ಡೊಮೇನ್ ವಿವಾದ ನಿಯಮಾವಳಿಯಲ್ಲಿ, ಹೆಸರನ್ನು ಕೆಟ್ಟ ಉದ್ದೇಶದಿಂದ ಕೊಂಡದ್ದನ್ನೂ ಬಳಸಿದ್ದನ್ನೂ ಎರಡನ್ನೂ ತೋರಿಸಬೇಕು. ಈತ ಕೊಳ್ಳುವಾಗ ಒಳ್ಳೆಯ ಮನಸ್ಸಿನಿಂದಲೇ ಕೊಂಡಿದ್ದ, ಕೆಟ್ಟದ್ದು ಆಮೇಲೆ. ಡಾಟ್ ಇನ್‌ಗೆ ಇರುವ ನಮ್ಮ ದೇಶದ ನಿಯಮಾವಳಿ ಐಎನ್‌ಡಿಆರ್‌ಪಿಯಲ್ಲಿ ಎರಡರಲ್ಲಿ ಒಂದಿದ್ದರೂ ಸಾಕು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ನಿಕ್ಸಿ ನೇಮಿಸುವ ಮಧ್ಯಸ್ಥಗಾರರು ಅದನ್ನು ತೀರ್ಮಾನಿಸುತ್ತಾರೆ, ಡೊಮೇನನ್ನು ವರ್ಗಾಯಿಸಲು ಆದೇಶ ಕೊಡಬಲ್ಲರು.

ನೋಟಿಸಿನಲ್ಲಿ ಇದನ್ನೆಲ್ಲ ಸಮಾಧಾನವಾಗಿ ಬರೆದೆ, ದಾಖಲೆಗಳ ಪ್ರತಿ ಲಗತ್ತಿಸಿದೆ. ಬಾಕಿ ಉಳಿದಿದ್ದ ಹೋಸ್ಟಿಂಗ್ ಹಣ ಕೊಡಲು ನಾವು ಸಿದ್ಧ ಎಂದೂ ಸೇರಿಸಿದೆ. ಅದು ಆತನಿಗೆ ನ್ಯಾಯವಾಗಿ ಬರಬೇಕಾದ ದುಡ್ಡು. ಆತ ಆಥ್ ಕೋಡ್, ಅಂದರೆ ಡೊಮೇನ್ ವರ್ಗಾಯಿಸಲು ಬೇಕಾದ ಗುಪ್ತ ಕೋಡ್, ಕೊಟ್ಟ. ಆಕೆಯ ಸ್ವಂತ ಅಕೌಂಟಿಗೆ ವರ್ಗಾವಣೆ ಮುಗಿದ ಮೇಲೆಯೇ ಹಣ ಕಳಿಸಿದೆವು.

ಈಗ ವೆಬ್‌ಸೈಟ್ ಒಪ್ಪಂದ ಬರೆಯುವಾಗ, ಡೊಮೇನ್ ಗ್ರಾಹಕರ ಹೆಸರಲ್ಲಿ, ಅವರದೇ ಇಮೇಲಿನಲ್ಲಿ ರಿಜಿಸ್ಟರ್ ಆಗಬೇಕು ಎಂಬ ಸಾಲನ್ನು ಹಣ ಪಾವತಿಯ ಷರತ್ತಿಗೂ ಮೇಲೆ ಇಡುತ್ತೇನೆ.